ಬೇರೂ ಬೇಡಿಯೂ

ಕಾಡಿನ ಮದ್ದೆಂದರೆ ನಮ್ಮ ವಿದ್ಯಾವಂತರಲ್ಲಿ ಎರಡು ಬಗೆಯ ಭಾವನೆಗಳು ಬಹುಕಾಲದಿಂದ ಬೇರೂರಿ ನಿಂತಿವೆ. ಅದು ಅಜ್ಞಾನಿಗಳ ಮೂಢನಂಬಿಕೆಯೆಂದು ಹೆಸರು ಕೇಳಿದ ಮಾತ್ರಕ್ಕೆ ಮೂಗು ಮುರಿಯುವುದು ಒಂದು. ಹಿರಿಯರು ಬಳಸಿದ್ದೆಂಬ ಒಂದೇ ಕಾರಣಕ್ಕಾಗಿ ಅದನ್ನು ತಲೆಯ ಮೇಲೆ ಹೊತ್ತು ಮೆರೆಸುವುದು ಇನ್ನೊಂದು. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಒಂದು ವಿಷಯದಲ್ಲಿ ಇವು ಒಡಹುಟ್ಟಿದವರಂತೆ: ಮದ್ದನ್ನು ಪರೀಕ್ಷಿಸಿ ನೋಡುವ ಶ್ರಮದಿಂದ ಎರಡೂ ನುಣುಚಿಕೊಳ್ಳುತ್ತವೆ. ಹೀಗೆ ನುಣುಚಿಕೊಂಡುದರ ಫಲವನ್ನು ಉಣ್ಣುವವನು ಮಾತ್ರ ತಿರಸ್ಕರಿಸಿದವನೂ ಅಲ್ಲ, ಪೂಜಿಸಿದವನೂ ಅಲ್ಲ, ರೋಗಿ. ಅದರಲ್ಲಿಯೂ, ತನ್ನ ನೋವನ್ನು ಹೇಳಿಕೊಂಡರೂ ಇತರರು ನಂಬದಿರುವ ಮನೋರೋಗಿ. ಪಶ್ಚಿಮ ಆಫ್ರಿಕದ ಒಂದು ಸಣ್ಣ ಮರದ ಇತಿಹಾಸ ಈ ಮಾತನ್ನು ಮನದಟ್ಟು ಮಾಡಿಕೊಡುವಷ್ಟು ಚೆನ್ನಾಗಿ ಮತ್ತಾವುದೂ ಮಾಡಿಕೊಡಲಾರದು.

ಆ ಮರಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರು ರಾವುಲ್ಫಿಯ ವಾಮಿಟೋರಿಯ. ಅದು ನಮ್ಮ ಕಣಗಿಲೆಯ ಕುಟುಂಬಕ್ಕೆ ಸೇರಿದ್ದು. ಪಶ್ಚಿಮ ಆಫ್ರಿಕದಿಂದ ಕಾಂಗೋ ಸೀಮೆಯವರೆಗೆ ಕಾಡಿನಂಚಿನಲ್ಲಿಯೂ ಹಾಳು ಬಿಟ್ಟ ಹೊಲಗಳಲ್ಲಿಯೂ ತಾನಾಗಿ ಬೆಳೆಯುತ್ತದೆ. ಹೆಸರಿನ ಮೊದಲ ಭಾಗ ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ಲಿಯೊನಾರ್ಡ್ ರಾವುಲ್ಫನ ನೆನಪಿಗೆ ಬಂದದ್ದು. ಎರಡನೆಯ ಭಾಗವನ್ನು ಕೊಟ್ಟವನು 1790ರ ದಶಕದಲ್ಲಿ ಸಿಯೆರಾ ಲಿಯೋನಿನಲ್ಲಿ ಗಿಡಮರಗಳನ್ನು ಅಭ್ಯಾಸ ಮಾಡಿದ ಸ್ವೀಡನ್ ದೇಶದ ಆಡಂ ಆಫ್ಜೀಲಿಯಸ್. ವಾಂತಿ ಮಾಡಿಸುವುದು ಎಂದು ಅದರ ಅರ್ಥ. ಆದರೆ ನೈಜೀರಿಯದ ಯೊರುಬಾ ಜನ ಅದೇ ಮರವನ್ನು ‘ಅಸೊಫೆಯೆಜೆ’ ಎನ್ನುತ್ತಾರೆ. ಹಕ್ಕಿಗಳು ತಿನ್ನಲೆಂದು ಹಣ್ಣು ಬಿಡುವುದು ಎಂದು ಆ ಮಾತಿನ ಅರ್ಥ. ಹೊರಗಿನಿಂದ ಬಂದ ವಿದ್ವಾಂಸನ ಕಣ್ಣಿಗೆ ವಾಂತಿ ಕಂಡಿತು. ಊರವರ ಕಣ್ಣಿಗೆ ಹಕ್ಕಿ ಕಂಡಿತು. ಎರಡೂ ಸುಳ್ಳಲ್ಲ. ಆದರೆ ಊರವರಿಗೆ ಮತ್ತೊಂದು ಗುಣವೂ ತಿಳಿದಿದ್ದಿತು. ಅದರ ಬೇರು ಕೆರಳಿದ ಮನಸ್ಸನ್ನು ಅಡಗಿಸುತ್ತದೆ ಎಂಬುದೇ ಆ ಗುಣ.

ಯೊರುಬಾ ನಾಡಿನಲ್ಲಿ ಕಣಿ ನೋಡಿ ಪರಿಹಾರ ಹೇಳುವವರನ್ನು ಬಬಲಾವೊ ಎಂದೂ, ಗಿಡಮೂಲಿಕೆಗಳ ವೈದ್ಯರನ್ನು ಒನಿಶೆಗುನ್ ಎಂದೂ ಕರೆಯುವರು. ಹುಚ್ಚು ಹಿಡಿದವರನ್ನು ಮನೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಉಪಚರಿಸುವವರು ಇವರಲ್ಲಿ ಹಲವರಿದ್ದರು. 1950ರ ದಶಕದ ಕೊನೆಯಲ್ಲಿ ನೈಜೀರಿಯದಲ್ಲಿ ಕೆಲಸ ಮಾಡಿದ ಕೆನಡದ ಮನೋವೈದ್ಯ ರೇಮಂಡ್ ಪ್ರಿನ್ಸ್ ಇಂಥ ವೈದ್ಯರನ್ನು ಅವರವರ ಮನೆಗಳಲ್ಲಿಯೇ ಕಂಡು, ಅವರ ಕ್ರಮಗಳನ್ನು ಗಮನಿಸಿದರು. ಚಿತ್ತವಿಕಲತೆಗೆ ಅವರು ರಾವುಲ್ಫಿಯದ ಬೇರನ್ನು ಕೊಡುತ್ತಿದ್ದಾರೆಂಬುದನ್ನು 1960ರಲ್ಲಿ ಅಮೆರಿಕದ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದು ತಿಳಿಸಿದರು. ಬೇರಿನ ಮದ್ದು ಕುಡಿದ ರೋಗಿ ಗಾಢವಾದ ನಿದ್ರೆಗೆ ಇಳಿಯುತ್ತಾನೆ, ಕೆರಳು ತಗ್ಗುತ್ತದೆ. ಗುಣವಾದಾಗ ಅವನನ್ನು ಹೊಳೆಗೆ ಕರೆದೊಯ್ದು, ಬಲಿ ಕೊಟ್ಟು, ಮೀಯಿಸಿ, ಹಳೆಯ ಬಟ್ಟೆಯನ್ನು ನೀರಿನಲ್ಲಿ ತೇಲಿಬಿಟ್ಟು, ಹೊಸ ಮನುಷ್ಯನನ್ನಾಗಿ ಮನೆಗೆ ಕಳುಹಿಸುವ ಸಂಸ್ಕಾರವೂ ಉಂಟು.

ಈ ಸಂಗತಿಯನ್ನು ಓದಿದ ಭಾರತೀಯನಿಗೆ ಸರ್ಪಗಂಧ ನೆನಪಾಗದೆ ಇರದು. ಪಶ್ಚಿಮಘಟ್ಟಗಳಲ್ಲಿಯೂ ಬೆಳೆಯುವ ಸರ್ಪಗಂಧ ಈ ಆಫ್ರಿಕದ ಮರದ ಒಡಹುಟ್ಟು. ಅದರ ಶಾಸ್ತ್ರೀಯ ನಾಮ ರಾವುಲ್ಫಿಯ ಸರ್ಪೆಂಟೀನ. ನಡುವೆ ಒಂದು ಸಾಗರವಿದ್ದರೂ, ಎರಡು ನಾಡುಗಳ ವೈದ್ಯರು ಒಂದೇ ವಂಶದ ಬೇರನ್ನು ಒಂದೇ ರೋಗಕ್ಕೆ ಆರಿಸಿಕೊಂಡರು. ಇದು ಆಕಸ್ಮಿಕವೋ, ಇಲ್ಲವೇ ಬೇರಿನಲ್ಲಿಯೇ ಏನಾದರೂ ಇದ್ದಿತೋ ಎಂಬ ಪ್ರಶ್ನೆಗೆ ಉತ್ತರ ಮೊದಲು ಸಿಕ್ಕಿದ್ದು ನಮ್ಮ ಕಡೆಯಿಂದ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಸರ್ಪಗಂಧವು ಹುಚ್ಚಿಗೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಅವರ ಸಂಗಡಿಗರು ಅದರ ಬೇರಿನಿಂದ ಸಸ್ಯಕ್ಷಾರಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳಲ್ಲಿ ಅದರ ಪರಿಣಾಮವನ್ನು ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯಲ್ಲಿ ವರದಿ ಮಾಡಿದ ಮೇಲೆ ಜಗತ್ತು ಇತ್ತ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಮನಸ್ಸನ್ನು ಶಾಂತಗೊಳಿಸುವ ಮುಖ್ಯ ದ್ರವ್ಯವನ್ನು ಬೇರ್ಪಡಿಸಿ ರೆಸರ್ಪೀನ್ ಎಂದು ಕರೆದರು. 1954ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ನೇಥನ್ ಕ್ಲೈನ್ ಸರ್ಪಗಂಧವನ್ನು ತಮ್ಮ ಆಸ್ಪತ್ರೆಯ ರೋಗಿಗಳಿಗೆ ಕೊಟ್ಟು ಕಂಡ ಫಲವನ್ನು ಪ್ರಕಟಿಸಿದರು.

ಆಫ್ರಿಕದ ಮರದ ಬೇರಿನಲ್ಲಿಯೂ ಅದೇ ರೆಸರ್ಪೀನ್ ಇದೆ. ಅದೂ ಸರ್ಪಗಂಧಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಆದುದರಿಂದ ಯೊರುಬಾ ವೈದ್ಯ ಕೊಡುತ್ತಿದ್ದುದು ಬರಿಯ ಮಂತ್ರದ ನೀರಲ್ಲ, ಬರಿಯ ಭರವಸೆಯೂ ಅಲ್ಲ. ರಸಾಯನಶಾಲೆಯ ಸಲಕರಣೆಗಳಿಲ್ಲದೆ, ಲಿಪಿಬದ್ಧವಾದ ಶಾಸ್ತ್ರವೂ ಇಲ್ಲದೆ, ತಲೆಮಾರುಗಳ ಅವಲೋಕನದಿಂದ ಅವರು ನೂರಾರು ಗಿಡಗಳ ನಡುವೆ ಸರಿಯಾದ ಗಿಡವನ್ನು ಗುರುತಿಸಿದ್ದರು. ಹಿತ್ತಲ ಗಿಡ ಮದ್ದಲ್ಲವೆಂದು ನಂಬಿದವರು ಇಲ್ಲಿ ತಲೆಬಾಗಲೇಬೇಕು.

ಈ ದ್ರವ್ಯ ಮಾಡುವ ಕೆಲಸವೇನು? ಮಿದುಳಿನ ನರತಂತುಗಳು ಒಂದರೊಡನೊಂದು ಮಾತನಾಡುವುದು ಕೆಲವು ರಾಸಾಯನಿಕ ದೂತರ ಮೂಲಕ. ಸಿರೊಟೋನಿನ್, ಡೋಪಮೀನ್, ನಾರಡ್ರಿನಲಿನ್ ಎಂಬವು ಅಂಥ ದೂತರು. ನರದ ತುದಿಯಲ್ಲಿರುವ ಪುಟ್ಟ ಕೋಶಗಳು ಇವನ್ನು ಸಂಗ್ರಹಿಸಿಟ್ಟುಕೊಂಡು ಬೇಕಾದಾಗ ಹೊರಬಿಡುತ್ತವೆ. ರೆಸರ್ಪೀನ್ ಈ ಕಣಜದ ಬಾಗಿಲನ್ನು ಮುಚ್ಚುತ್ತದೆ. ಒಳಗೆ ಸೇರಲಾರದ ದೂತರು ಹೊರಗೇ ಕರಗಿ ಹೋಗುತ್ತಾರೆ, ಕಣಜ ಬರಿದಾಗುತ್ತದೆ, ಕೆರಳಿದ ಮಿದುಳು ತಣಿಯುತ್ತದೆ. 1955ರಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿ ಮತ್ತು ಸಂಗಡಿಗರು ಸಿರೊಟೋನಿನ್ ಬರಿದಾಗುವುದನ್ನು ತೋರಿಸಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು ರೆಸರ್ಪೀನಿನಿಂದ ಜಡವಾಗಿ ಬಿದ್ದ ಮೊಲಗಳಿಗೆ ಡೋಪಮೀನಾಗಿ ಮಾರ್ಪಡುವ ಎಲ್-ಡೋಪವನ್ನು ಕೊಟ್ಟು, ಅವು ಮತ್ತೆ ಎದ್ದು ಓಡಾಡುವಂತೆ ಮಾಡಿದರು. ಡೋಪಮೀನಿನ ಮಹತ್ವವನ್ನು ಬೆಳಕಿಗೆ ತಂದ ಈ ಸಂಶೋಧನೆಗಾಗಿ ಅವರಿಗೆ 2000ದಲ್ಲಿ ನೊಬೆಲ್ ಬಹುಮಾನ ದೊರೆಯಿತು. ಪಾರ್ಕಿನ್ಸನ್ ರೋಗದ ಚಿಕಿತ್ಸೆಗೆ ದಾರಿ ತೋರಿದ್ದೂ ಇದೇ ಸಂಶೋಧನೆ. ಅದೇ ಕಣಜದ ಬಾಗಿಲನ್ನು ಮುಚ್ಚುವ ಬೇರೆ ಔಷಧಗಳು ಆಮೇಲೆ ತಯಾರಾಗಿ, ಮನೋರೋಗದ ಔಷಧಗಳಿಂದಲೇ ಹುಟ್ಟುವ ಅಂಗಚಲನೆಯ ವಿಕಾರವೊಂದಕ್ಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದುವು. ಒಂದು ಬೇರಿನ ಗುಣವನ್ನು ಶ್ರದ್ಧೆಯಿಂದ ಕೆದಕಿ ನೋಡಿದುದರ ಫಲ ಇಷ್ಟು ದೂರ ಹರಿದಿದೆ.

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಪೂಜಿಸುವವರಿಗೆ ಸಂತೋಷವಾದೀತು. ಆದರೆ ಅದು ಸತ್ಯದ ಅರ್ಧಭಾಗ ಮಾತ್ರ. ಒಂದು ಮದ್ದಿಗೆ ವಿಜ್ಞಾನದ ಆಧಾರವಿದೆ ಎನ್ನುವಾಗ ನಾವು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಮಾತಿನಲ್ಲಿ ಮುಚ್ಚಿಬಿಡುತ್ತೇವೆ. ಗಿಡದಲ್ಲಿ ಪರಿಣಾಮಕಾರಿಯಾದ ದ್ರವ್ಯ ಉಂಟೇ ಎಂಬುದು ಮೊದಲನೆಯದು. ಬೇರ್ಪಡಿಸಿದ ಆ ದ್ರವ್ಯದಿಂದ ರೋಗಿಗೆ ನಿಜವಾಗಿ ಗುಣವಾಗುವುದೇ ಎಂಬುದು ಎರಡನೆಯದು. ಈ ಊರಿನ ಈ ವೈದ್ಯ ಅರೆದು ಕೊಡುವ ಈ ಬೇರು, ಈ ರೋಗಿಗೆ, ಅಪಾಯವಿಲ್ಲದೆ, ಇತರ ಚಿಕಿತ್ಸೆಗಿಂತ ಮೇಲಾಗಿ ಒದಗುವುದೇ ಎಂಬುದು ಮೂರನೆಯದು. ಮೊದಲನೆಯ ಪ್ರಶ್ನೆಗೆ ದೊರೆತ ಉತ್ತರವನ್ನು ಮೂರನೆಯದರ ಲೆಕ್ಕಕ್ಕೆ ಜಮಾ ಮಾಡುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು.

ಮೊದಲನೆಯದಕ್ಕೆ ಉತ್ತರ ನಿಸ್ಸಂದೇಹವಾಗಿ ಹೌದು. ಎರಡನೆಯದಕ್ಕೆ, ಹೌದು, ಆದರೆ ಮಿತಿಯೊಳಗೆ. 1955ರಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಮೈಕೆಲ್ ಶೆಪರ್ಡ್ ಮತ್ತು ಡೇವೀಸ್ ಅವರು ಆತಂಕ ಮತ್ತು ಖಿನ್ನತೆಯ ರೋಗಿಗಳಲ್ಲಿ ಕೆಲವರಿಗೆ ರೆಸರ್ಪೀನನ್ನೂ ಕೆಲವರಿಗೆ ಮದ್ದಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟು ಹೋಲಿಸಿ, ಔಷಧ ಪಡೆದವರಿಗೆ ಲಾಭವಾದುದನ್ನು ಕಂಡರು. ಆದರೆ ಅದೇ ಕಾಲದಲ್ಲಿ ರಕ್ತದೊತ್ತಡಕ್ಕಾಗಿ ಅದನ್ನು ಸೇವಿಸಿದ ಕೆಲವರು ಖಿನ್ನತೆಗೆ ಒಳಗಾದರೆಂಬ ವರದಿಗಳೂ ಬಂದವು. ಆ ವರದಿಗಳನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಆದರೂ ಔಷಧದ ಮೇಲೆ ಬಿದ್ದ ಅನುಮಾನ ಪೂರ್ತಿಯಾಗಿ ಅಳಿಯಲಿಲ್ಲ. ಅಷ್ಟರಲ್ಲಿ, 1952ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ರೆಸರ್ಪೀನನ್ನು ಮನೋರೋಗಾಲಯಗಳಿಂದ ಹಿಂದಕ್ಕೆ ಸರಿಸಿತು. ಇವೆರಡನ್ನೂ ಹೋಲಿಸಿದ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕೊಕ್ರೇನ್ ಸಮೀಕ್ಷೆ 2016ರಲ್ಲಿ ಪ್ರಕಟವಾಯಿತು. ಪ್ರಯೋಗಗಳು 1950ರ ದಶಕದವು, ಅವುಗಳ ಸಾಕ್ಷ್ಯದ ಗುಣಮಟ್ಟ ಕಡಮೆ, ಇದ್ದಷ್ಟರಲ್ಲಿ ಒಲವು ಕ್ಲೋರ್‌ಪ್ರೊಮಜೀನಿನ ಕಡೆಗೆ ಎಂಬುದು ಅದರ ಸಾರ.

ಮೂರನೆಯ ಪ್ರಶ್ನೆಯ ಎದುರಿಗೆ ನಿಂತಾಗ ನಮ್ಮ ಕೈ ಬರಿದಾಗಿದೆಯೆಂದೇ ಹೇಳಬೇಕು. ನೈಜೀರಿಯದ ಪ್ರಯೋಗಶಾಲೆಗಳಲ್ಲಿ ಇಲಿಗಳಿಗೆ ಈ ಬೇರಿನ ಸಾರವನ್ನು ಕೊಟ್ಟು ಅವುಗಳ ಓಡಾಟ ಹೇಗೆ ತಗ್ಗುತ್ತದೆಂಬುದನ್ನು ಅಭ್ಯಾಸ ಮಾಡಿದ್ದಾರೆ. ಆದರೆ ಇಲಿಯ ಓಡಾಟ ತಗ್ಗುವುದಕ್ಕೂ ಮನುಷ್ಯನಿಗೆ ಬುದ್ಧಿ ತಿಳಿಯಾಗುವುದಕ್ಕೂ ನಡುವೆ ಬಹಳ ಅಂತರ. ಒಂದು ಮರದ ಬೇರಿನಲ್ಲಿರುವಷ್ಟೇ ದ್ರವ್ಯ ಇನ್ನೊಂದರಲ್ಲಿ ಇರುವುದಿಲ್ಲ. ಬೇರಿನ ತೊಗಟೆಯಲ್ಲಿರುವಷ್ಟು ಅದರ ಒಳತಿರುಳಿನಲ್ಲಿ ಇರುವುದಿಲ್ಲ. ರೆಸರ್ಪೀನಿನ ಜೊತೆಗೆ ಹೃದಯದ ಬಡಿತದ ಮೇಲೆ ಪರಿಣಾಮ ಮಾಡುವ ಅಜ್ಮಲೀನ್ ಮೊದಲಾದ ಬೇರೆ ಸಸ್ಯಕ್ಷಾರಗಳೂ ಅದರಲ್ಲಿವೆ. ಹಿಡಿ ತುಂಬ ಬೇರನ್ನು ಕುದಿಸಿ ಕುಡಿಸಿದಾಗ ರಕ್ತದೊತ್ತಡ ಎಷ್ಟು ಕುಸಿಯುತ್ತದೆಂದು ಅಳೆಯುವವರು ಯಾರು? ರೋಗಿ ಶಾಂತನಾದನೋ, ಇಲ್ಲವೇ ನಿತ್ರಾಣನಾದನೋ? ದೂರದಿಂದ ನೋಡುವ ಬಂಧುಗಳಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ರೋಗಿಗೆ ಅವೆರಡೂ ಒಂದಲ್ಲ.

ಇಲ್ಲಿ ಥಾಮಸ್ ಅಡಿಯೋಯೆ ಲಾಂಬೋ ಅವರನ್ನು ನೆನೆಯಬೇಕು. ಇಂಗ್ಲೆಂಡಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು ಬಂದ ಈ ನೈಜೀರಿಯದ ಮನೋವೈದ್ಯರು 1954ರಲ್ಲಿ ಅಬೆಯೊಕುಟದ ಬಳಿಯ ಆರೋ ಎಂಬಲ್ಲಿ ಮನೋರೋಗಾಲಯದ ಕಾರ್ಯವನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದದ್ದೂ ಅದೇ ವರ್ಷವೆಂಬುದು ಗಮನಿಸತಕ್ಕ ಸಂಗತಿ. ರೋಗಿಯನ್ನು ಎತ್ತರದ ಗೋಡೆಗಳ ಒಳಗೆ ಕೂಡಿಹಾಕುವುದರ ಬದಲು, ಒಬ್ಬ ಬಂಧುವಿನೊಡನೆ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಇರಿಸಿ, ಹಗಲು ಆಸ್ಪತ್ರೆಗೆ ಬರಿಸಿಕೊಂಡು ಚಿಕಿತ್ಸೆ ಮಾಡುವುದು ಲಾಂಬೋ ಅವರ ಕ್ರಮವಾಗಿದ್ದಿತು. ಊರಿನ ಪರಂಪರೆಯ ವೈದ್ಯರನ್ನೂ ಅವರು ಜೊತೆಗೆ ಕರೆದುಕೊಂಡರು. ಆ ವೈದ್ಯರ ಶಕ್ತಿ ಬೇರಿನಲ್ಲಿ ಮಾತ್ರವಿಲ್ಲ, ರೋಗಿಯ ಭಾಷೆಯನ್ನು, ಅವನ ಕುಲವನ್ನು, ಅವನ ಭಯವನ್ನು ಬಲ್ಲ ನೆರೆಯವರಾಗಿರುವುದರಲ್ಲಿಯೂ ಇದೆಯೆಂಬುದು ಅವರಿಗೆ ತಿಳಿದಿತ್ತು. ಆದರೆ ಅವರು ತಮ್ಮ ಔಷಧವನ್ನಾಗಲಿ ವಿದ್ಯೆಯನ್ನಾಗಲಿ ಬದಿಗಿಡಲಿಲ್ಲ. ಎರಡು ಕೈಗಳೂ ರೋಗಿಗಾಗಿಯೇ ದುಡಿಯಲೆಂಬುದು ಅವರ ದೃಷ್ಟಿ. ಮುಂದೆ ಅವರು ವಿಶ್ವ ಆರೋಗ್ಯ ಸಂಸ್ಥೆಯ ಉಪಮಹಾನಿರ್ದೇಶಕರ ಸ್ಥಾನಕ್ಕೆ ಏರಿದರು.

ಈಗ ಬೇಡಿಯ ಮಾತಿಗೆ ಬರೋಣ. ವೈದ್ಯನ ಮನೆಯಲ್ಲಿ ಬೇರಿನ ಪಕ್ಕದಲ್ಲಿಯೇ ಬೇಡಿಯೂ ಇದ್ದಿತು. ಕೆರಳಿದ ರೋಗಿಯನ್ನು ಮರದ ದಿಮ್ಮಿಗೋ ಕಬ್ಬಿಣದ ಸರಪಳಿಗೋ ಬಿಗಿಯುವುದು ಚಿಕಿತ್ಸೆಯ ಅಂಗವೆಂದೇ ತಿಳಿಯಲಾಗುತ್ತಿತ್ತು. ನೈಜೀರಿಯದಲ್ಲಿ ಮನೋರೋಗಿಗಳನ್ನು ಸರಪಳಿಯಲ್ಲಿ ಇಟ್ಟಿರುವುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2019ರಲ್ಲಿ ವರದಿ ಮಾಡಿತು. ಪರಂಪರೆಯ ಚಿಕಿತ್ಸೆಯ ಮನೆಗಳಲ್ಲಿ ಮಾತ್ರವಲ್ಲದೆ ಧಾರ್ಮಿಕ ಕೇಂದ್ರಗಳಲ್ಲಿಯೂ, ಸರಕಾರದ ಅಧೀನದಲ್ಲಿದ್ದ ಕೆಲವೆಡೆಗಳಲ್ಲಿಯೂ ಅದು ಕಂಡುಬಂದಿತ್ತು. ನಾವು ಇದನ್ನು ಕೇಳಿ ಆಫ್ರಿಕದತ್ತ ಬೆರಳು ತೋರಿಸುವಂತಿಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಹೊತ್ತಿದಾಗ, ಸರಪಳಿಯಲ್ಲಿ ಬಿಗಿದಿದ್ದುದರಿಂದ ಓಡಲಾರದೆ 25ಕ್ಕೂ ಹೆಚ್ಚು ಮನೋರೋಗಿಗಳು ಸುಟ್ಟು ಸತ್ತುದನ್ನು ಮರೆಯಲು ಸಾಧ್ಯವೇ? ಬೇರಿನ ಗುಣ ಸಿದ್ಧವಾಯಿತೆಂದು ಸಂಭ್ರಮಿಸುವ ಭರದಲ್ಲಿ ಬೇಡಿಯನ್ನೂ ಪರಂಪರೆಯೆಂದು ಒಪ್ಪಿಬಿಡುವುದು ಘೋರ ಅನ್ಯಾಯ. ಬೇಡಿಯನ್ನು ಕಂಡು ರೋಸಿ, ಬೇರನ್ನೂ ಅದನ್ನು ಬಲ್ಲವನನ್ನೂ ಹೊರಗಟ್ಟುವುದು ಅವಿವೇಕ.

ಈ ಎರಡರ ನಡುವೆ ದಾರಿಯುಂಟೆಂಬುದಕ್ಕೆ ಒಂದು ಗಟ್ಟಿಯಾದ ಆಧಾರ ಆಫ್ರಿಕದಿಂದಲೇ ಬಂದಿದೆ. ಇಬಾದಾನ್ ವಿಶ್ವವಿದ್ಯಾಲಯದ ಓಯೆ ಗುರೆಜೆ ಅವರ ನಾಯಕತ್ವದಲ್ಲಿ ನೈಜೀರಿಯ ಮತ್ತು ಘಾನಾ ದೇಶಗಳಲ್ಲಿ ನಡೆದ ಒಂದು ಪ್ರಯೋಗದ ಫಲ 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರಂಪರೆಯ ವೈದ್ಯರ ಮತ್ತು ಪ್ರಾರ್ಥನಾ ಚಿಕಿತ್ಸಕರ ಮನೆಗಳಲ್ಲಿದ್ದ 307 ಮಂದಿ ಚಿತ್ತವಿಕಲರು ಅದರಲ್ಲಿ ಸೇರಿದ್ದರು. ಕೆಲವು ಕಡೆ ಆರೋಗ್ಯ ಕೇಂದ್ರದ ತರಬೇತಿ ಪಡೆದ ಸಿಬ್ಬಂದಿ ಆ ವೈದ್ಯರೊಡನೆ ಕೂಡಿ, ಅವರಿದ್ದಲ್ಲಿಗೇ ಹೋಗಿ ಔಷಧ ಕೊಟ್ಟು ಉಪಚರಿಸಿದರು. ಉಳಿದೆಡೆ ಹಿಂದಿನ ರೂಢಿಯೇ ಮುಂದುವರಿಯಿತು. ಆರು ತಿಂಗಳ ಕೊನೆಯಲ್ಲಿ, ಇಬ್ಬರೂ ಕೂಡಿ ನೋಡಿಕೊಂಡ ರೋಗಿಗಳಲ್ಲಿ ರೋಗದ ಲಕ್ಷಣಗಳು ಸ್ಪಷ್ಟವಾಗಿ ಹೆಚ್ಚು ತಗ್ಗಿದ್ದವು. ಬೇಡಿ ಮೊದಲಾದ ಕ್ರೂರ ಕ್ರಮಗಳು ಎರಡು ಕಡೆಯೂ ಕಡಮೆಯಾದವು. ವಾಚಕರು ಇದನ್ನು ಎಚ್ಚರಿಕೆಯಿಂದ ಓದಿಕೊಳ್ಳಬೇಕು: ಈ ಪ್ರಯೋಗ ಯಾವ ಬೇರಿನ ಗುಣವನ್ನೂ ಸಾಧಿಸಲಿಲ್ಲ. ಒಬ್ಬರನ್ನೊಬ್ಬರು ಹಳಿಯುತ್ತಿದ್ದ ಇಬ್ಬರು ಒಂದೇ ಹಾಸಿಗೆಯ ಬಳಿ ಕುಳಿತರೆ ರೋಗಿಗೆ ಒಳಿತಾಗುವುದೆಂಬುದನ್ನು ಸಾಧಿಸಿತು. ಲಾಂಬೋ ಅವರು ತಮ್ಮ ಅನುಭವದಿಂದ ಕಂಡ ಮಾತು ಅರುವತ್ತು ವರ್ಷಗಳ ಅನಂತರ ಅಳೆದು ನೋಡಿದಾಗಲೂ ನಿಂತಿತು. 2023ರ ಜನವರಿಯಲ್ಲಿ ನೈಜೀರಿಯ ದೇಶ ವಸಾಹತು ಕಾಲದ ಹುಚ್ಚರ ಕಾಯಿದೆಯ ಬದಲಿಗೆ ಹೊಸ ಮಾನಸಿಕ ಆರೋಗ್ಯ ಕಾಯಿದೆಯನ್ನು ತಂದಿತು.

ಕೊನೆಯದಾಗಿ ಋಣದ ಮಾತು. 1957ರಲ್ಲಿ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪಾರಿತೋಷಕ ಕ್ಲೈನ್, ವಕೀಲ್ ಮೊದಲಾದವರಿಗೆ ಸಂದಿತು. ಅವರು ಅದಕ್ಕೆ ಅರ್ಹರೇ. ಆದರೆ ಬೇರನ್ನು ಮೊದಲು ಗುರುತಿಸಿದ ಹಳ್ಳಿಯ ವೈದ್ಯರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಭಾರತವು 1950ರ ದಶಕದಲ್ಲಿ ಸರ್ಪಗಂಧದ ರಫ್ತನ್ನು ನಿರ್ಬಂಧಿಸಿದ ಮೇಲೆ ಔಷಧ ಕಾರ್ಖಾನೆಗಳ ದೃಷ್ಟಿ ಆಫ್ರಿಕದ ಮರದ ಮೇಲೆ ಬಿದ್ದಿತು. ಕಾಂಗೋ ಮೊದಲಾದ ನಾಡುಗಳಿಂದ ಅದರ ಬೇರು ಹಡಗುಗಳನ್ನೇರಿ ಯೂರೋಪಿಗೆ ಹೋಯಿತು. ಎಲೆ ಕೊಯ್ದರೆ ಮರ ಚಿಗುರುತ್ತದೆ. ಬೇರನ್ನೇ ಅಗೆದರೆ ಉಳಿಯುವುದೇನು? ಸ್ಥಳೀಯರ ಜ್ಞಾನವನ್ನೂ ಗಿಡಮೂಲಿಕೆಗಳನ್ನೂ ಬಳಸಿಕೊಂಡವರು ಲಾಭದಲ್ಲಿ ಅವರಿಗೂ ಪಾಲು ಕೊಡಬೇಕೆಂಬ ನಾಗೋಯಾ ಒಪ್ಪಂದಕ್ಕೆ ರಾಷ್ಟ್ರಗಳು 2010ರಲ್ಲಿ ಒಪ್ಪಿದುವು. ಆ ವೇಳೆಗೆ ರೆಸರ್ಪೀನಿನ ಸುಗ್ಗಿಯ ಕಾಲ ಎಂದೋ ಮುಗಿದುಹೋಗಿತ್ತು.

ನಮ್ಮ ಕಾಲೇಜುಗಳಲ್ಲಿ ಈಗ ಎರಡು ಪಕ್ಷಗಳವರೂ ಇದ್ದಾರೆ. ಪರಂಪರೆಯ ವೈದ್ಯವೆಲ್ಲ ವಂಚನೆಯೆನ್ನುವ ವಿದ್ಯಾರ್ಥಿಗೆ ಆಫ್ರಿಕದ ಬೇರನ್ನು ತೋರಿಸಿ, ಯೊರುಬಾ ವೈದ್ಯನ ಅವಲೋಕನವನ್ನು ತಿಳಿಸಿಕೊಡುವುದು ಅಧ್ಯಾಪಕರ ಕರ್ತವ್ಯ. ಪರಂಪರೆಗೆ ಪರೀಕ್ಷೆಯೇ ಬೇಡವೆನ್ನುವವನಿಗೆ, ಪರೀಕ್ಷಿಸದೆ ಬಿಟ್ಟ ಮೂರನೆಯ ಪ್ರಶ್ನೆಯನ್ನು ತೋರಿಸುವುದೂ ಅವರ ಕರ್ತವ್ಯವೇ. ಪರೀಕ್ಷೆಯೆಂದರೆ ಅವಮಾನವಲ್ಲ. ಒಬ್ಬನ ಮಾತಿಗೆ ಬೆಲೆಯುಂಟೆಂದು ತಿಳಿದಾಗಲೇ ನಾವು ಅದನ್ನು ತೂಗಿ ನೋಡುವುದು. ಬೆಲೆಯಿಲ್ಲದ್ದನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ಹಕ್ಕಿಗಳಿಗೆ ಹಣ್ಣು ಕೊಡುವ ಆ ಮರದ ಬೇರು ಮನುಷ್ಯರಿಗೆ ಏನನ್ನು ಕೊಡಬಲ್ಲದು, ಎಷ್ಟನ್ನು ಕೊಡಬಲ್ಲದು, ಎಲ್ಲಿ ನಿಲ್ಲಬೇಕು ಎಂಬುದನ್ನು ತಾಳ್ಮೆಯಿಂದ ತಿಳಿದುಕೊಳ್ಳುವ ಕೆಲಸ ಇನ್ನೂ ಉಳಿದಿದೆ. ಬೇಡಿಯನ್ನು ಕಳಚುವುದಕ್ಕೆ ಮಾತ್ರ ಆ ತಿಳಿವಿಗಾಗಿ ಕಾಯಬೇಕಾದ ಕಾರಣವಿಲ್ಲ.